ಷರಾ

ಸಾಣಿಕಟ್ಟೆಯ ಉಪ್ಪಿನಾಗರದಲ್ಲಿ ನಾನು ತೂಕದ ಗುಮಾಸ್ತ.
ಮೂವತ್ತೊಂದು ಹಂಗಾಮು ಬಣ್ಣದ ಕಾಲಮ್ಮಿನಲ್ಲಿ
ಒಂದೇ ಶಬ್ದ ಬರೆದೆ: ಬಿಳಿ.
ಅದರ ಕೆಳಗೆ ಸದರಿ, ಸದರಿ, ಸದರಿ.

ಫೆಬ್ರವರಿಯಲ್ಲೊಂದು ಬೆಳಿಗ್ಗೆ ಕುಮಟೆಯ ಬಸ್ಸಿಳಿದು ಬಂದರು
ವೆರ್ಣೇಕರ ಮಾಸ್ತರರು, ರಿಟೈರಾದ ಡ್ರಾಯಿಂಗ್ ಮಾಸ್ತರರು,
ಹೆಗಲಿಗೆ ಮೂರು ಕಾಲಿನ ಸ್ಟ್ಯಾಂಡು, ಕಂಕುಳಲ್ಲಿ ಕೊಡೆ.
ಏಳನೇ ರಾಶಿಯ ಎದುರು ಹೂಡಿದರು.
ಒಂಬತ್ತಕ್ಕೆ ಅದನ್ನು ಬದಿಗಿಟ್ಟು ಇನ್ನೊಂದು ಬಟ್ಟೆ ಏರಿಸಿದರು, ಅದೇ ರಾಶಿ.
ಹನ್ನೊಂದಕ್ಕೆ ಮತ್ತೊಂದು,
ಅದೇ ರಾಶಿ.
"ಮೊದಲಿನದು ಮುಗಿಸಲಿಲ್ಲವಲ್ಲ?" ಅಂದೆ.
"ರಾಶಿ ಇದೆ ಮಾರಾಯ. ಏಳೂವರೆ ಹೋಯಿತು."

ಊಟದ ಹೊತ್ತಿಗೆ ಕಚೇರಿಯ ಕಟ್ಟೆಯ ಮೇಲೆ
ಬಂಗುಡೆ ಸಾರಿನ ಬೆರಳಿಂದಲೇ ಗಾಳಿಯಲ್ಲಿ ಬರೆದು ಹೇಳಿದರು:
ಫ್ರಾನ್ಸಿನಲ್ಲಿ ನೂರೈವತ್ತು ವರ್ಷದ ಕೆಳಗೆ ಕೆಲವರು
ಟೂತ್‌ಪೇಸ್ಟಿನಂಥ ಟ್ಯೂಬಿನಲ್ಲಿ ಬಣ್ಣ ತುಂಬಿಕೊಂಡು
ಬಿಸಿಲಿಗೆ ಹೊರಟರಂತೆ, ಕಪ್ಪನ್ನು ಮನೆಯಲ್ಲೇ ಬಿಟ್ಟು.
ಕಂಡವರು ನಕ್ಕರಂತೆ, ಇದೆಂಥ ಚಿತ್ರ, ಬರೀ ಛಾಪು.
ಆ ಬೈಗುಳವನ್ನೇ ಹೆಸರಾಗಿ ಇಟ್ಟುಕೊಂಡರಂತೆ,
ನಮ್ಮ ಕೇರಿಯಲ್ಲಿ ಅಡ್ಡಹೆಸರೇ ರೇಶನ್ ಕಾರ್ಡಿಗೆ ಏರಿದ ಹಾಗೆ.
ಅವರಲ್ಲೊಬ್ಬ ಹುಲ್ಲಿನ ಬಣವೆಯನ್ನೇ ಇಪ್ಪತ್ತೈದು ಸಲ ಬರೆದನಂತೆ.
"ಹುಲ್ಲಿಗೆ ಅಷ್ಟಾದರೆ, ಉಪ್ಪಿಗೆ?"

ಬೀರಮ್ಮ ಆಗೇರ ಬುಟ್ಟಿ ಹೊತ್ತು ಬಂದವಳು
ಚಿತ್ರದೊಳಗೆ ತನ್ನನ್ನು ಕಂಡು ನಿಂತಳು.
ನಾಲ್ಕು ಗೀಟಿನ ಹೆಂಗಸು, ಮುಖವಿಲ್ಲ. ಅದಕ್ಕೆ ಬೇಜಾರಿಲ್ಲ.
"ಎಂತದ್ರಾ ಮಾಸ್ತರ್ರೇ, ನನ್ನ ನೆರಳು ನೇರಳೆ ಮಾಡೀರಿ?"
"ಮಾಡಿದ್ದಲ್ಲ. ಇದ್ದದ್ದು."

ತಲೆಯ ಮೇಲೆ ಇಪ್ಪತ್ತು ಕೇಜಿ ಇರುವಾಗ
ಯಾರು ಬಗ್ಗಿ ತಮ್ಮ ನೆರಳು ನೋಡುತ್ತಾರೆ?
ಬೀರಮ್ಮ ಬುಟ್ಟಿ ಇಳಿಸಿದಳು, ಹಂಗಾಮಿನ ಮಧ್ಯದಲ್ಲಿ,
ನಾನು ನೋಡುತ್ತಿರುವಾಗಲೇ.
ಬಹಳ ಹೊತ್ತು ನೋಡಿದಳು.
ನಾನೂ ಎದ್ದು ಹೋಗಿ ನೋಡಿದೆ.
ನೆರಳಿಗೊಂದು ದೀರ್ಘ ಎಳೆದು, ಬಾಲಕ್ಕೊಂದು ಏತ್ವ ಕೊಟ್ಟರೆ ನೇರಳೆ.
ಮೂವತ್ತೊಂದು ವರ್ಷ ಅಕ್ಷರವನ್ನೇ ಉಂಡವನಿಗೆ
ಇದು ಹೊಳೆದಿರಲಿಲ್ಲ.

ಬೀರಮ್ಮ ಅಂದಳು: "ಮೋಡ ಬಂದ್ರೆ ಎಂತ ಬಣ್ಣ ಹಾಕ್ತ್ರಿ?"
"ಬೂದಿ."
"ಅಲ್ಲ. ಸಿಗಡಿದು. ಸಿಪ್ಪೆ ಸುಲಿದ ಹಸಿ ಸಿಗಡಿದು."
ಮಾಸ್ತರರು ಕುಂಚ ಒರೆಸಿ ಕಾದರು.
ಮೂರು ದಿನಕ್ಕೆ ಮೋಡ ಬಂತು.
ಸಿಗಡಿಯ ಬಣ್ಣವೇ.
ಅಂದಿನಿಂದ ಅವಳು ಹೇಳುವುದು, ಅವರು ಕಲಸುವುದು.
ಚುಕ್ಕಿ ಚುಕ್ಕಿ ಇಟ್ಟೇ ಚಿತ್ರ ಮಾಡಿದವರೂ ಇದ್ದರು ಆಮೇಲೆ ಎಂದರೆ
ಒಂದು ಹಿಡಿ ಉಪ್ಪು ಹಲಗೆಯ ಮೇಲೆ ಚೆಲ್ಲಿ ನಕ್ಕಳು.
ಹಳದಿಯನ್ನು ಹಚ್ಚದೆ ಮಣ್ಣಿನಂತೆ ಮೆತ್ತಿದವನ ಕಥೆಗೆ ಮಾತ್ರ ಸುಮ್ಮನಾದಳು.
"ಅವ್ನಿಗೆ ಯಾರಾದ್ರೂ ಇದ್ರಾ?"
ಮಾಸ್ತರರು ಉತ್ತರ ಕೊಟ್ಟದ್ದು ನನಗೆ ಕೇಳಿಸಲಿಲ್ಲ.
ಆಗ ಮಂಗಳೂರು ರೈಲು ಹೋಗುತ್ತಿತ್ತು.

ಮೇ ಹತ್ತೊಂಬತ್ತಕ್ಕೆ ಅಡ್ಡಮಳೆ.
ಮಡಲು ಹೊದಿಸುವ ಮೊದಲೇ ಏಳನೇ ರಾಶಿ ಅರ್ಧ ಹೋಯಿತು.
ಕೊಡೆಯನ್ನು ಚಿತ್ರಗಳಿಗೆ ಹಿಡಿದು ಮಾಸ್ತರರು ನೆನೆದರು.
ಬಿಳಿ ನೀರು ಪಾತಿ ದಾಟಿ, ಗಜನಿ ದಾಟಿ, ಅಘನಾಶಿನಿಗೆ.
ನಿಂತದ್ದೆಲ್ಲ ಹರಿಯುವಾಗ ಹೊಳೆದ ಆ ಬಣ್ಣಕ್ಕೆ
ಬೀರಮ್ಮನೂ ಹೆಸರು ಹೇಳಲಿಲ್ಲ.

ಜೂನಿನಲ್ಲಿ ಆಡಿಟ್ಟಿನವರು ಬಂದರು.
"ಷರಾದಲ್ಲಿ ಇದೇನು, 'ನಸುಗೆಂಪು, ಬುಡದಲ್ಲಿ ನೀಲಿ'?"
"ಏಳೂವರೆಗೆ ತೂಗಿದ್ದು ಸಾರ್."
"ಇದು, 'ಹಸಿ ಸಿಗಡಿ'?"
"ಮೋಡವಿತ್ತು."
ಅವರು ನನ್ನನ್ನು ನೋಡಿದರು, ಮಳೆಯನ್ನು ನೋಡಿದರು,
ಕೆಂಪು ಶಾಯಿಯಲ್ಲಿ ಒಂದೊಂದನ್ನೇ ಹೊಡೆದುಹಾಕಿದರು.
ಥಂಡಿಗೆ ನನ್ನ ನೀಲಿ ಇನ್ನೂ ಆರಿರಲಿಲ್ಲ.
ಎರಡೂ ಕೂಡಿದಲ್ಲಿ ಎಂಥ ಬಣ್ಣ ಬಂತೆಂದು ನಾನು ಬರೆಯುವುದಿಲ್ಲ.
ದಫ್ತರು ಕಚೇರಿಯಲ್ಲಿದೆ. ಬಂದು ನೋಡಿ.
ಮಧ್ಯಾಹ್ನ ಮಾತ್ರ ಬೇಡ. ಆಗ ಎಲ್ಲ ಬರೀ ಬಿಳಿ.