ಯಾವ ಜೋನ್ಸ್?

ಉರಿಗಾಂ ಚರ್ಚಿನ ದಫ್ತರದಲ್ಲಿ ಹನ್ನೊಂದು ಜೋನ್ಸ್.
ಅದರಲ್ಲಿ ವಿಲಿಯಂ ನಾಲ್ಕು.
ಒಬ್ಬ ಜ್ವರಕ್ಕೆ, ಒಬ್ಬ ಬಂಡೆ ಸಿಡಿದು,
ಇನ್ನಿಬ್ಬರ ಎದುರು ಗೆದ್ದಲು ಕೊರೆದ ತೂತು.

"ನಿಮ್ಮೋನು ಯಾವನಮ್ಮ?" ಯೇಸುಪಾದಂ ಕನ್ನಡಕ ಒರೆಸಿದರು.
"ನಮ್ಮೂರಲ್ಲಿ ಮುನಿಯಪ್ಪಾ ಅಂತ ಕೂಗಿದರೆ
ಅರ್ಧ ಬಸ್ಸು ಇಳಿಯುತ್ತೆ.
ಅದಕ್ಕೇ ಪಂಪು ಮುನಿಯಪ್ಪ, ಗೂರಲು ಮುನಿಯಪ್ಪ.
ನಿಮ್ಮ ಮುತ್ತಾತನಿಗೆ ಏನಂತಿದ್ದರು?"

ಗೊತ್ತಿಲ್ಲ.
ಡೋರಾ ಅಜ್ಜಿ ಬಿಟ್ಟುಹೋದದ್ದು ಒಂದೇ ಮಾತು,
ಜಡೆ ಹೆಣೆದು ಮುಗಿಸಿ ಕೆನ್ನೆ ಹಿಡಿದು:
"ಕಾರ್ಯದ್..."
ಗಣಿಯಿಂದ ಮೇಲೆ ಬಂದ ಅಪ್ಪ
ಅವಳನ್ನು ಕರೆಯುತ್ತಿದ್ದುದೂ ಹಾಗೇ ಅಂತೆ.
ಕಾರ್ಯದ ಹುಡುಗಿ ಅಂದುಕೊಂಡು
ಎದ್ದು ಹೋಗಿ ಪಾತ್ರೆ ತೊಳೆದಿಟ್ಟಿದ್ದೆ ನಾನು.

ಹೋದ ಡಿಸೆಂಬರಿನಲ್ಲಿ ವೇಲ್ಸಿನಿಂದ ಒಬ್ಬ ಮುದುಕಿ ಬಂದಳು.
ಅವಳಿಗೂ ಒಬ್ಬ ಜೋನ್ಸ್ ಬೇಕಿತ್ತು.
ಸಮಾಧಿಗಳ ನಡುವೆ ಸೈನೈಡ್ ದಿಬ್ಬದ ಧೂಳೆದ್ದು
ಮೊಮ್ಮಗ ಕಣ್ಣುಜ್ಜಿ ಅತ್ತಾಗ
ಸೆರಗಿಲ್ಲದವಳು, ಕೋಟಿನ ತುದಿಯಲ್ಲಿ ಒರೆಸುತ್ತ
ಅಂದಳು ಅದೇ ಮಾತು.

ಅರ್ಥ ಕೇಳಿದೆ.
ಕಾರ್ಯವಲ್ಲವಂತೆ. ಮುದ್ದಂತೆ.
ಐವತ್ತು ವರ್ಷ ತಡವಾಗಿ ಕೆನ್ನೆ ಬಿಸಿಯಾಯಿತು.

ರಾಬರ್ಟ್‌ಸನ್‌ಪೇಟೆಯಲ್ಲಿ ಕೊಂಡದ್ದು ಮೂರು ಮೊಳ ಸೇವಂತಿಗೆ.
ಯಾರಿಗೇಂತ ಇಡೋದು?
ಗೇಣಿಗೂ ಕಮ್ಮಿ ಕಮ್ಮಿ ಕತ್ತರಿಸಿ
ಕಲ್ಲು ಕಲ್ಲಿಗೂ ಇಟ್ಟೆವು, ಅವಳೂ ನಾನೂ.
ನನ್ನ ಅಳತೆ ಎಲ್ಲೋ ತಪ್ಪಿತು.
ಹನ್ನೊಂದನೆಯವನಿಗೆ ಉಳಿದದ್ದು
ಬಾಳೆನಾರು, ಅದರದೊಂದು ಗಂಟು.