ನಲವತ್ತು ಮೀಟರ್ ಕಡಿಮೆ

ಹಂಪೆಯಲ್ಲ, ಹಂಪ್ಟಿ ಡೂ.
ಹೆಸರು ಕೇಳಿ ಮೊದಲ ವಾರ ಒಬ್ಬಳೇ ನಕ್ಕಿದ್ದೆ
ಆರ್ನೆಮ್ ಹೆದ್ದಾರಿಯ ಅಂಚಿನಲ್ಲಿ,
ಬೆನ್ನಿಗೆ ಹದಿನೈದು ಲೀಟರಿನ ಡಬ್ಬಿ ಬಿಗಿದುಕೊಂಡು.

ಗ್ಯಾಂಬಾ ಹುಲ್ಲು ಕೊಲ್ಲುವುದು ನನ್ನ ಕೆಲಸ.
ದನಕ್ಕೆಂದು ಯಾರೋ ಆಫ್ರಿಕಾದಿಂದ ತಂದದ್ದು,
ಈಗ ಎರಡಾಳು ಎತ್ತರ;
ಮಳೆ ನಿಂತ ತಿಂಗಳಲ್ಲಿ ಕಿಡಿ ಬಿದ್ದರೆ
ಮರದ ನೆತ್ತಿಯವರೆಗೆ ಏರುತ್ತದೆ ಬೆಂಕಿ.
‘ಹೊರಗಿಂದ ಬಂದದ್ದೆಲ್ಲ ಹೀಗೇ’ ಎಂದ ನೋಯೆಲೀನ್
ನನ್ನ ಕಡೆ ನೋಡಿ, ಕೆಮ್ಮಿ,
ನೀರಿನ ಬಾಟಲಿ ಚಾಚಿದಳು.

ಔಷಧಕ್ಕೆ ನೀಲಿ ಬಣ್ಣ ಬೆರೆಸುತ್ತೇವೆ,
ಎಲ್ಲಿ ಬಿತ್ತು ಎಲ್ಲಿ ತಪ್ಪಿತು ತಿಳಿಯಲೆಂದು.
ರಾತ್ರಿ ಅನ್ನ ಕಲಸುವಾಗಲೂ
ಉಗುರ ಸಂದಿ ನೀಲಿ.

ಜನವರಿ.
ಬೆವರು ಯಾವುದು ಮಳೆ ಯಾವುದು ತಿಳಿಯದ ಮಧ್ಯಾಹ್ನ.
ಬುಡ ಹುಡುಕಿ ನಳಿಕೆ ಒಡ್ಡಿದವಳು
ಒತ್ತಲಿಲ್ಲ.

ಗ್ಯಾಂಬಾದ ಕಾಲಡಿ ನೆರಿಗೆ ಹಿಡಿದ ಮೂರು ಎಲೆ.
ಪಕ್ಕದಲ್ಲೊಂದು ದಂಟು ಗೇಣುದ್ದ ಎದ್ದು
ಏನೋ ನೆನಪಾದಂತೆ ಅಲ್ಲೇ ಕೊಕ್ಕೆಯಾಗಿ ಬಾಗಿ
ತುದಿಗೆ ಒತ್ತೊತ್ತಾಗಿ ತಿಳಿಗುಲಾಬಿ ಹೂ,
ಎಲ್ಲವೂ ಮಣ್ಣು ನೋಡುತ್ತ.
ಅದರ ಮುಖ ಕಾಣಬೇಕಾದರೆ
ಡಬ್ಬಿ ಇಳಿಸಿ, ಕೆಸರಲ್ಲಿ ಮೊಣಕಾಲೂರಿ
ಕೆನ್ನೆ ನೆಲಕ್ಕೆ ತಾಗಿಸಬೇಕು.
ತಾಗಿಸಿದೆ.
ತುಟಿಯೊಳಗೆ ಕಡುಗೆಂಪು ಗೀರು,
ಗೀರಿನ ಮೇಲೊಂದು ಪುಟ್ಟ ಜೇನು,
ನನ್ನ ಉಸಿರಿಗೆ ರೇಗಿ ಹಾರಿತು.

‘ತಲೆದೂಗುವ ಆರ್ಕಿಡ್’ ಅಂದಳು ನೋಯೆಲೀನ್.
‘ಮಣ್ಣೊಳಗೆ ಗಡ್ಡೆ. ನಮ್ಮ ಹುಲ್ಲು ಉರಿದರೆ
ಬದುಕಿಕೊಳ್ಳುತ್ತೆ ಹೇಗೋ.
ಗ್ಯಾಂಬಾ ಉರಿದರೆ
ನಾನು ಹೇಳಲಾರೆ.’

ಔಷಧ ಹೊಡೆದರೆ ಇದೂ ನೀಲಿ.
ಬಿಟ್ಟರೆ ಇದಕ್ಕೆ ಬೆಂಕಿ.
ಗಾಡಿಯಿಂದ ಗುದ್ದಲಿ ಇಳಿಸಿದೆ.
ಹುಡುಗಿಯಾಗಿದ್ದಾಗ ನರಗುಂದದ ಎರೆಯಲ್ಲಿ
ದೊಡ್ಡವ್ವನ ಹಿಂದೆ ಸಾಲು ಹಿಡಿದು
ಜೋಳದ ಕಸ ತೆಗೆದ ಕೈ,
ಮರೆತಿರಲಿಲ್ಲ.
ಬೇರು ಹಿಡಿದು, ಅಲುಗಿಸಿ, ಮಣ್ಣು ಕೊಡವಿ, ಬೋರಲು ಹಾಕಿ,
ಎತ್ತು ತಿರುಗುವಷ್ಟು ಅಗಲ ಸುತ್ತ ಬಯಲು ಮಾಡಿದೆ.
ಕೊನೆಯ ಬುಡ ಬಂದಾಗ ಹಿಮ್ಮುಖ ಬಿದ್ದು
ಇಬ್ಬರೂ ನಕ್ಕೆವು.

ದಿನದ ಚೀಟಿ: ನಲವತ್ತು ಮೀಟರ್ ಕಡಿಮೆ.
ಕಾರಣ ಎಂಬ ಖಾನೆಯಲ್ಲಿ
ಪಾದ ಮುಳುಗುವ ಕೆಸರಿನಲ್ಲಿ ನಿಂತೇ
ನೋಯೆಲೀನ್ ಬರೆದಳು:
ನೆಲ ಬಹಳ ಗಟ್ಟಿ.

ಏಪ್ರಿಲ್ ಬಂತು, ಹುಲ್ಲು ಕೆಡಹುವ ಮಳೆ ಬಂತು.
ಇಲ್ಲಿನವರು ಕರೆಯುವುದೇ ಹಾಗೆ:
ಒಂದೇ ರಾತ್ರಿ ಸೊಂಟ ಮುರಿದು
ಆಳೆತ್ತರದ ಭರ್ಜಿ ಹುಲ್ಲೆಲ್ಲ ಪಡುವಣಕ್ಕೆ ಮಲಗಿತ್ತು,
ಕಣ್ಣು ಹಾಯುವವರೆಗೆ ಬಾಚಿದ ಕೂದಲು.

ನಡುವೆ ಅದೊಂದು ದಂಟು.
ನೆಟ್ಟಗೆ.
ಬಾಗಿದ ಗುರುತೂ ಇಲ್ಲ,
ತುದಿಯಲ್ಲಿ ಹೂವಿದ್ದಲ್ಲೆಲ್ಲ ಕಾಯಿ.
ಒಂದು ಬಿರಿದಿತ್ತು: ಬೀಜವೆಂದರೆ ಬೀಸುಕಲ್ಲಿನ ಸುತ್ತ
ಹಾರುವ ಹಿಟ್ಟು, ಅಷ್ಟೆ.
ಒಳಗೆ ತುತ್ತು ಬುತ್ತಿಯೂ ಇಲ್ಲವಂತೆ;
ಬಿದ್ದ ಮಣ್ಣಲ್ಲಿ ಯಾವುದೋ ಬೂಜು
ಕರೆದು ಉಣಿಸಿದರೆ ಉಂಟು,
ಇಲ್ಲದಿದ್ದರೆ ಇಲ್ಲ.

‘ಪೊಳ್ಳು ತೆನಿ ನೆಟ್ಟಗ ನಿಲ್ಲತೈತಿ,
ಕಾಳಿದ್ದದ್ದು ಬಗ್ಗತೈತಿ ನೋಡ’
ಅನ್ನುತ್ತಿದ್ದಳು ದೊಡ್ಡವ್ವ, ನಾನು ಎದುರು ಮಾತಾಡಿದಾಗೆಲ್ಲ.

ಆ ರಾತ್ರಿ ಫೋನು ಹಚ್ಚಿದೆ.
ಇಲ್ಲೊಂದು ಗಿಡ ಐತಿ ದೊಡ್ಡವ್ವ,
ಹೂವಿದ್ದಾಗ ಬಗ್ಗತೈತಿ, ಕಾಯಿ ತುಂಬಿದ ಮ್ಯಾಲೆ
ತಲಿ ಎತ್ತತೈತಿ.

ಆ ಕಡೆ ಸುಮ್ಮನೆ.
ಎಲೆಯಡಿಕೆ ದವಡೆ ಬದಲಿಸಿದ ಸದ್ದು.
‘ತಿನ್ನಾಕ ಬರತೈತೇನ?’
ಇಲ್ಲ.
‘ದನಾ ತಿಂತಾವೇನ?’
ಗೊತ್ತಿಲ್ಲ.

‘ಹಂಗಾರ ಅದಕ್ಕ ಯಾರ ಹಂಗೂ ಇಲ್ಲ.
ನಿಲ್ಲಲಿ ಬಿಡು.’