ನಾಲಬಂದ

ಡೋರೀನ್ ಹಾಲ್ವರ್ಸನ್ ಬಂದಳು, ಮೈನಸ್ ಇಪ್ಪತ್ತೆರಡರಲ್ಲಿ,
ಟ್ರಕ್ಕಿನ ಬೆನ್ನಿಗೆ ಸ್ನೋಮೊಬೈಲು ಹೇರಿಕೊಂಡು.
ವಾರೋಡಿನಿಂದ ಕೆರೆಯಾಚೆಯ ಮನೆಗಳಿಗೆ ಟಪಾಲು ಒಯ್ಯುವವಳು.
(ಕೆರೆ ಅಂತೀನಿ ನಾನು, ಆಚೆ ದಡ ಕಾಣದ್ದನ್ನೂ.)
ಮಂಗಳವಾರ ಬರೀ ಮಂಜುಗಡ್ಡೆಯ ಮೇಲೆ ಬುಗುರಿಯಾದಳಂತೆ,
ಮೂರು ಸುತ್ತು. ನಿಂತಾಗ ಮುಖ ಬಂದ ದಾರಿಗೇ ಇತ್ತು,
ಕರೆಂಟು ಬಿಲ್ಲು, ಯಾರದೋ ಮದುವೆಯ ಕಾಗದ
ಗಾಳಿ ಹತ್ತಿ ಕೆನಡಾದ ಕಡೆ ಓಡುತ್ತಿದ್ದವು.
"ಮೊಳೆ ಹೊಡಿ," ಅಂದಳು. "ನೂರ ನಲವತ್ನಾಲ್ಕು."

ತೊಂಬತ್ತಾರು ಸಾಕು, ಅಂದೆ.
ಹಿಂದೆ ಹಿಡಿತ ಹೆಚ್ಚಾದರೆ ಮುಂದಿನ ಹಲಗೆ ಮಾತು ಕೇಳುವುದಿಲ್ಲ.
ಹ್ಯಾಂಡಲ್ ತಿರುಗುತ್ತದೆ, ಗಾಡಿ ನೆಟ್ಟಗೇ ಹೋಗುತ್ತದೆ
ಹಟ ಹಿಡಿದ ಹೋರಿಯ ಹಾಗೆ.
ಹೋರಿಯ ಮಾತು ಅವಳಿಗೆ ಹೇಳಲಿಲ್ಲ.

ನನ್ನ ಹೆಸರಿನ ಬಾಲಕ್ಕೆ ನಾಲಬಂದ ಅಂತಿದೆ.
ಇಲ್ಲಿ ನ್ಯಾಲ್‌ಬ್ಯಾಂಡ್ ಅಂತ ಓದುತ್ತಾರೆ,
ಯಾವುದೋ ರಬ್ಬರ್ ಕಂಪನಿ ಇದ್ದಂತೆ.
ನಮ್ಮಜ್ಜ ಮೌಲಾಸಾಬ ಲಕ್ಷ್ಮೇಶ್ವರದ ಸಂತೆಯಲ್ಲಿ
ಎತ್ತು ಕೆಡವಿ, ನಾಲ್ಕೂ ಕಾಲು ಕೂಡಿಸಿ ಕಟ್ಟಿ,
ಸೀಳುಗೊರಸಿಗೆ ಎರಡೆರಡರಂತೆ ಎಂಟು ಲಾಳ ಹೊಡೆಯುತ್ತಿದ್ದ.
ಸತ್ತ ಉಗುರಿನೊಳಗ ಹೊಡೀಬೇಕು, ಅನ್ನುತ್ತಿದ್ದ,
ಒಂದು ಎಳಿ ಒಳಗ ಹೋತಂದ್ರ ಅಲ್ಲಿ ಜೀವ ಐತಿ.

ಈ ಪಟ್ಟಿಯೊಳಗೂ ಎಲುಬಿವೆ, ಗಾಜಿನೆಳೆಯ ಅಡ್ಡಕಡ್ಡಿಗಳು.
ಬೆರಳಿಂದ ಒತ್ತಿ ಒತ್ತಿ ಅವುಗಳ ಜಾಗ ತಿಳಿದುಕೊಂಡು
ಅಚ್ಚಿನ ಕಾಗದ ಹಾಸಿ ಸೀಮೆಸುಣ್ಣದ ಚುಕ್ಕಿ ಇಡುತ್ತೇನೆ.
ಒಂದರ ಹಿಂದೆ ಒಂದು ನೇರ ಬರಬಾರದು.
ಮುಂದಿನ ಮೊಳೆ ಗೀರಿದ ಗೆರೆಯಲ್ಲೇ ಹಿಂದಿನದು ಬಿದ್ದರೆ
ಅದಕ್ಕೆ ಕಚ್ಚಲು ಏನೂ ಉಳಿಯುವುದಿಲ್ಲ.

ಆಮೇಲೆ ಡ್ರಿಲ್ಲು.
ಮೊದಲ ತೂತಿಗೆ ಕೈ ಇವತ್ತಿಗೂ ಒಂದು ಗಳಿಗೆ ತಡೆಯುತ್ತದೆ,
ಏಳುನೂರು ಡಾಲರಿನ ಹೊಸ ರಬ್ಬರು,
ಕೊರೆದದ್ದು ಮತ್ತೆ ಕೂಡುವುದಿಲ್ಲ.
ಗುಳಿಗೆಯಷ್ಟಗಲದ ಕರೀ ಚೂರುಗಳು ಬೂಟಿನ ಮೇಲೆ ಉದುರುತ್ತವೆ.
ಅಜ್ಜನ ಮುಂದೆ ಗೊರಸಿನ ಹೆರೆ ತಿನ್ನಲು
ಸಂತೆಯ ನಾಯಿಗಳೆಲ್ಲ ಸಾಲಾಗಿ ಕೂಡುತ್ತಿದ್ದವು.
ಇಲ್ಲಿ ಮಾಲಕ ವರ್ನನ ನಾಯಿ ಒಂದು ಚೂರು ಮೂಸಿತು,
ಸೀನಿತು, ಹೀಟರಿನ ಹತ್ತಿರ ಹೋಗಿ ಮಲಗಿತು.

ಒಳಗಿನಿಂದ ಮೊಳೆ. ಹೊರಗೆ ಚೌಕದ ತಗಡು,
ತಗಡಿನ ಮೇಲೆ ನಟ್ಟು.
ಮೊಳೆಯ ತಲೆ ರಬ್ಬರಿನಲ್ಲಿ ಮುಳುಗಿ ಸಮ ಆಗುವ ತನಕ ಬಿಗಿ.
ಹೆಚ್ಚು ಬಿಗಿದರೆ ಪಟ್ಟಿ ಹರಿಯುತ್ತದೆ,
ಕಡಿಮೆಯಾದರೆ ಮೊಳೆ ವಾಲಿ ತೂತನ್ನೇ ತಿನ್ನುತ್ತದೆ.

"ಅದೇನು, ಎಣಿಸುತ್ತೀಯಾ?" ಅಂದಳು ಡೋರೀನ್
ಕಾಗದದ ಲೋಟದ ಕಾಫಿ ಹಿಡಿದು ಸ್ಟೂಲಿನ ಮೇಲಿಂದ.
ತುಟಿ ಆಡುತ್ತಿದ್ದದ್ದು ನನಗೇ ಗೊತ್ತಿರಲಿಲ್ಲ.
ಹೌದು, ಎಣಿಕೆ, ಅಂದೆ.
ಎಣಿಕೆ ಅಲ್ಲ. ನೆಲಕ್ಕೆ ಕೆಡವಿದ ಎತ್ತಿನ ಕಿವಿಯಲ್ಲಿ
ಅಜ್ಜ ಅನ್ನುತ್ತಿದ್ದ ಮಾತು:
ಆತಪಾ, ಆತು, ಇದೊಂದ, ಇದೊಂದ.
ಪ್ರತಿ ಸಲವೂ ಸುಳ್ಳು. ಪ್ರತಿ ಸಲವೂ ಎತ್ತು ನಂಬುತ್ತಿತ್ತು.

ನಿಜಕ್ಕೂ ಎಣಿಸಿದಾಗ ತೊಂಬತ್ತೈದು.
ಒಂದು ತೂತು ಬಾಯಿ ತೆರೆದು ನಿಂತಿದೆ,
ಮೊಳೆ ಕೈಯಲ್ಲಿದೆ, ನಟ್ಟಿಲ್ಲ.
ಬೆಂಚಿನ ಕೆಳಗೆ, ಜೇಬಿನಲ್ಲಿ, ಕಾಫಿ ಲೋಟದಲ್ಲಿ ಹುಡುಕಿ
ಕೊನೆಗೆ ನಾಯಿಯನ್ನು ಎಬ್ಬಿಸಿದೆವು.
ಅದರ ಹೊಟ್ಟೆಯ ಕೆಳಗಿತ್ತು, ಬೆಚ್ಚಗೆ.

ಮುಂದಿನ ಹಲಗೆಗಳಿಗೂ ಗಟ್ಟಿ ಅಲುಗು ಹಾಕಿ ಹೇಳಿದೆ:
ಐವತ್ತು ಮೈಲಿ ಓಡಿಸಿ ಬಾ, ಮತ್ತೊಮ್ಮೆ ಬಿಗಿ ನೋಡುತ್ತೇನೆ.
ಎಂಟ ದಿನ ಬಿಟ್ಟು ಸಂತಿಗೆ ಬಾ, ಅನ್ನುತ್ತಿದ್ದ ಅಜ್ಜ.
ಕೆಲವರು ಬರುತ್ತಿರಲಿಲ್ಲ. ಅವರ ಎತ್ತು ಕುಂಟುತ್ತಿದ್ದವು.

ಗಚ್ಚು ಕೆಡಬಾರದೆಂದು ಬಾಗಿಲ ತನಕ ಪ್ಲೈವುಡ್ ಹಾಸಿದ್ದೆ.
ಅದರ ಮೇಲೆ ಗಾಡಿ ಮೆಲ್ಲಗೆ ಹೊರಟಾಗ
ಟಕ್ ಟಕ ಟಕ್ಕೆಂದು,
ಒಂದೆಂಟು ಅಡಿ ದೂರ ಮಾತ್ರ,
ಕಲ್ಲುಹಾಸಿನ ಮೇಲೆ ಹೊಸ ಲಾಳದ ಜೋಡಿ ಹೋದ ಸದ್ದು.
ಆಮೇಲೆ ಹಿಮ. ಬರೀ ಎಂಜಿನ್ನಿನ ಗುರುಗುರು.

ವರ್ನ ಹಲಗೆ ಎತ್ತಿ ಬೆಳಕಿಗೆ ಹಿಡಿದ.
ಜರಡಿಯಾಗಿತ್ತು.
"ಇದನ್ನೂ ಬಿಲ್ಲಿಗೆ ಸೇರಿಸಬೇಕಿತ್ತು," ಅಂದ.